ಒಕ್ಕೂಟದ ಮಾಳಿಗೆಗೆ ಸೋಲಾರ್: ಮೂರು ಕೊಟೇಶನ್ ಬಂದಿವೆ, ಯಾರಿಗೆ ಕೊಡೋಣ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆ ರೋಣ ತಾಲೂಕಿನ ಒಂದು ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟ. ಸ್ವಂತ ಕಟ್ಟಡ ಇದೆ. ಕೆಳಗೆ ಹಿಟ್ಟಿನ ಗಿರಣಿ, ರೊಟ್ಟಿ ಮಷಿನ್, ಪ್ಯಾಕಿಂಗ್ ನಡೆಯುತ್ತದೆ. ಮಾಳಿಗೆ ಮೇಲೆ ಹಪ್ಪಳ, ಸಂಡಿಗೆ ಒಣಹಾಕುತ್ತೇವೆ. ಎಲ್ಲ ಸೇರಿ ತಿಂಗಳಿಗೆ ಸರಾಸರಿ 650 ಯೂನಿಟ್ ಖರ್ಚಾಗುತ್ತದೆ. 10 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕೆಂದು ಠರಾವು ಮಾಡಿದ್ದೇವೆ. ಬಂದ ಮೂರು ಕೊಟೇಶನ್ 4,32,000, 5,40,000 ಮತ್ತು 6,15,000 ರೂಪಾಯಿಯವು, ಅವುಗಳ ಮತ್ತು ಲೈಟ್ ಬಿಲ್ಲಿನ ಪ್ರತಿ ಕಳಿಸಿದ್ದೇವೆ. ಕಡಿಮೆಯವರಿಗೇ ಕೊಡಬೇಕೆಂದು ಅರ್ಧ ಮಂದಿ, ನಡುವಿನದೇ ಇರಲಿ ಎಂದು ಉಳಿದವರು. ನಡುವಿನದು ನಮ್ಮ ಖಜಾಂಚಿಯವರ ಅಕ್ಕನ ಮಗನದು. ಮಧ್ಯಾಹ್ನ ಕರೆಂಟ್ ಹೋದಾಗಲೂ ಗಿರಣಿ ನಡೆಯಬೇಕೆಂಬುದು ಎಲ್ಲರ ಆಸೆ. ಯಾರಿಗೆ ಕೊಡಬೇಕು?

ಉತ್ತರ: ನಮಸ್ಕಾರ್ರೀ ಅಕ್ಕಾರ. ಮೂರೂ ಕೊಟೇಶನ್ ಎರಡೆರಡು ಸಲ ಓದಿದೆ, ಆಮೇಲೆ ಕ್ಯಾಲ್ಕುಲೇಟರ್ ಹಿಡಿದು ಇನ್ನೊಂದು ಸಲ. ಸದ್ಯಕ್ಕೆ ಮೂವರಲ್ಲಿ ಯಾರಿಗೂ ಕೊಡಬೇಡಿ. ಅವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಮೂವರೂ ಬೇರೆ ಬೇರೆ ಸಾಮಾನಿಗೆ ಬೆಲೆ ಹಚ್ಚಿ, ಮೇಲೆ ಮಾತ್ರ '10 ಕಿಲೋವ್ಯಾಟ್ ಸೋಲಾರ್ ಸಿಸ್ಟಮ್' ಅಂತ ಒಂದೇ ಹೆಸರು ಬರೆದಿದ್ದಾರೆ. ಜೋಳ, ಗೋಧಿ, ಸಜ್ಜೆ ಮೂರಕ್ಕೂ 'ಒಂದು ಚೀಲ ಕಾಳು' ಅಂತ ಚೀಟಿ ಅಂಟಿಸಿದ ಹಾಗೆ.

4,32,000ದ ಕೊಟೇಶನ್ನಿನ ಎರಡನೇ ಪುಟದ ತಳ ನೋಡಿ. ಒಟ್ಟು 5,10,000, ಅದರಲ್ಲಿ ಕೇಂದ್ರದ ಸಬ್ಸಿಡಿ 78,000 ಕಳೆದು 4,32,000, ಜಿಎಸ್‌ಟಿ ಪ್ರತ್ಯೇಕ ಅಂತ ಸಣ್ಣ ಅಕ್ಷರದಲ್ಲಿದೆ. ಈ 78,000 ನಿಮಗೆ ಬರುವ ದುಡ್ಡಲ್ಲ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ ಮನೆಗಳಿಗಾಗಿ ಇರುವುದು. ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000. ಹುಬ್ಬಳ್ಳಿ-ಧಾರವಾಡದ ಅಪಾರ್ಟ್‌ಮೆಂಟ್ ಸಂಘಗಳವರು ಇದನ್ನು ಓದುತ್ತಿದ್ದರೆ, ಲಿಫ್ಟು, ಪಂಪು, ಸಾಮಾನ್ಯ ದೀಪಗಳ ಸಲುವಾಗಿ ಅವರಿಗೆ ಕಿಲೋವ್ಯಾಟಿಗೆ 18,000 ಲೆಕ್ಕದಲ್ಲಿ ಸಿಗುತ್ತದೆ. ಗಿರಣಿ, ಗುಡಿ, ಶಾಲೆ, ಒಕ್ಕೂಟದ ಕಟ್ಟಡ ಇವು ಯಾವುವೂ ಆ ಲೆಕ್ಕಕ್ಕೆ ಬರುವುದಿಲ್ಲ. ಕೊಟೇಶನ್ ಕೊಟ್ಟವನಿಗೆ ಇದು ಗೊತ್ತಿಲ್ಲದಿದ್ದರೆ ಅವನು ಹೊಸಬ. ಗೊತ್ತಿದ್ದೂ ಬರೆದಿದ್ದರೆ, ಕೆಲಸ ಅರ್ಧಕ್ಕೆ ಬಂದ ಮೇಲೆ 'ಸಬ್ಸಿಡಿ ರಿಜೆಕ್ಟ್ ಆತ್ರೀ, ಅಷ್ಟು ನೀವು ಕೊಡ್ರಿ' ಅಂತ ಬರುತ್ತಾನೆ. ಎರಡೂ ನಿಮಗೆ ಬೇಡ.

ಈಗ 5,10,000ಕ್ಕೆ ಜಿಎಸ್‌ಟಿ ಸೇರಿಸಿ. ಸೋಲಾರ್ ಕೆಲಸದ ಒಟ್ಟು ಮೊತ್ತದಲ್ಲಿ ಶೇ 70 ಸಾಮಾನು, ಶೇ 30 ಸೇವೆ ಎಂದು ಹಿಡಿಯುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸಾಮಾನಿನ ಮೇಲಿನ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು, ಸೇವೆಯ ಮೇಲೆ ಶೇ 18 ಇದೆ. ಎರಡೂ ಕೂಡಿ ಶೇ 8.9. (ಯಾರಾದರೂ ಇನ್ನೂ ಶೇ 13.8 ಹಚ್ಚಿದ್ದರೆ ಅದು ಹಳೆಯ ಲೆಕ್ಕ, ಕೇಳಿ ತಿದ್ದಿಸಿ.) ಅಲ್ಲಿಗೆ ನಿಮ್ಮ 'ಕಡಿಮೆ' ಕೊಟೇಶನ್ 5,55,390 ಆಯಿತು. ನಡುವಿನದನ್ನು ದಾಟಿ ಮೇಲೆ ಹೋಯಿತು.

ನಡುವಿನದರ ಕತೆ ಬೇರೆ. ಇನ್ವರ್ಟರ್ 10 ಕಿಲೋವ್ಯಾಟಿಂದು, ಸರಿ. ಪ್ಯಾನಲ್ ಎಷ್ಟು? 550 ವ್ಯಾಟಿನವು 16. ಗುಣಿಸಿದರೆ 8,800 ವ್ಯಾಟ್. ಬಿಸಿಲನ್ನು ಕರೆಂಟ್ ಮಾಡುವುದು ಪ್ಯಾನಲ್; ಇನ್ವರ್ಟರ್ ಆ ಕರೆಂಟನ್ನು ಮಷಿನ್ ಬಳಸುವ ಹಾಗೆ ಬದಲಿಸುತ್ತದೆ ಅಷ್ಟೇ. ಹತ್ತು ಲೀಟರ್ ಹಿಡಿಯುವ ಕ್ಯಾನು ಕೊಟ್ಟು ಎಂಟೂಮುಕ್ಕಾಲು ಲೀಟರ್ ಹಾಲು ಹಾಕಿದಂತೆ. ಮೊದಲನೆಯವನು 18 ಪ್ಯಾನಲ್ ಬರೆದಿದ್ದಾನೆ, ಮೂರನೆಯವರು 19. ಈಗ ಪ್ರತಿ ವ್ಯಾಟಿಗೆ ತೆರಿಗೆ ಸೇರಿ ಎಷ್ಟು ಬಿತ್ತು ನೋಡಿ: ಮೊದಲನೆಯದು 56 ರೂಪಾಯಿ ಚಿಲ್ಲರೆ, ನಡುವಿನದು 61 ಚಿಲ್ಲರೆ, 6,15,000ದ್ದು 59ಕ್ಕೆ ಸ್ವಲ್ಪ ಕಡಿಮೆ. ನೀವು ಸುರಕ್ಷಿತ ಅಂದುಕೊಂಡ ನಡುವಿನದೇ ಎಲ್ಲಕ್ಕಿಂತ ತುಟ್ಟಿ. ಇನ್ನು ಮೂರನೆಯವರ ರೇಟಿನಲ್ಲಿ ಎತ್ತರದ ಸ್ಟ್ರಕ್ಚರ್ (ಪ್ಯಾನಲ್ ಹೊರುವ ಕಬ್ಬಿಣದ ಚೌಕಟ್ಟು) ಇದೆ, ಹೆಸ್ಕಾಂ ಅರ್ಜಿಯ ಖರ್ಚು ಇದೆ, ಐದು ವರ್ಷದ ನಿರ್ವಹಣೆ ಇದೆ. ಉಳಿದಿಬ್ಬರು ಇವು ಇವೆ ಎಂದೂ ಬರೆದಿಲ್ಲ, ಇಲ್ಲ ಎಂದೂ ಬರೆದಿಲ್ಲ.

ಹಾಗಾದರೆ ಮೂರನೆಯವರಿಗೇ ಕೊಡೋಣವೇ ಅಂತ ಕೇಳುತ್ತೀರಿ. ತಡೀರಿ. ಮೂವರೂ ಕೂಡಿ ಮಾಡಿದ ಒಂದು ತಪ್ಪಿದೆ: ಒಬ್ಬರೂ ನಿಮ್ಮ ಲೈಟ್ ಬಿಲ್ ಕೇಳಿಲ್ಲ. ನೀವು 10 ಅಂದಿರಿ, ಅವರು 10 ಬರೆದರು. ನಮ್ಮ ಕಡೆ ಒಂದು ಕಿಲೋವ್ಯಾಟ್ ಪ್ಯಾನಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಹೆಚ್ಚು, ಜುಲೈ-ಆಗಸ್ಟ್‌ನಲ್ಲಿ ಬಹಳ ಕಡಿಮೆ; ಹಾನಗಲ್, ಕಲಘಟಗಿ ಕಡೆಯ ಮೋಡ ರೋಣದಲ್ಲಿಲ್ಲ, ಅದು ನಿಮ್ಮ ಪುಣ್ಯ. 10 ಕಿಲೋವ್ಯಾಟ್ ಹಾಕಿದರೆ ತಿಂಗಳಿಗೆ 1,200 ಯೂನಿಟ್ ಆಸುಪಾಸು ಬರುತ್ತದೆ. ನಿಮಗೆ ಬೇಕಾದದ್ದು 650. ಉಳಿದದ್ದನ್ನು ಹೆಸ್ಕಾಂ ತಗೊಳ್ಳುತ್ತದೆ ನಿಜ, ಆದರೆ ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ನಿಗದಿ ಮಾಡಿದ ದರಕ್ಕೆ, ಅದು ನೀವು ಕರೆಂಟಿಗೆ ಕೊಡುವ ದರಕ್ಕಿಂತ ಕಡಿಮೆ. ಸಾಲ ಮಾಡಿ ಪ್ಯಾನಲ್ ಹಾಕಿಸಿ ಅರ್ಧ ಕರೆಂಟು ಸೋವಿಯಾಗಿ ಮಾರುವುದು ಒಕ್ಕೂಟದ ವ್ಯವಹಾರ ಅಲ್ಲ. 6 ಕಿಲೋವ್ಯಾಟ್ ಸಾಕು: 550ರ 11 ಪ್ಯಾನಲ್, ತಿಂಗಳಿಗೆ 700 ಯೂನಿಟ್ ಆಸುಪಾಸು, ಈಗಿನ ರೇಟಿನಲ್ಲಿ ಮೂರೂವರೆ ಲಕ್ಷದ ಸುತ್ತ. ಮುಂದಿನ ವರ್ಷ ಇನ್ನೊಂದು ರೊಟ್ಟಿ ಮಷಿನ್ ತರುವ ವಿಚಾರ ಗಟ್ಟಿಯಿದ್ದರೆ 8ಕ್ಕೆ ಹೋಗಿ, ಇಲ್ಲವೆಂದರೆ ಮಾಳಿಗೆಯಲ್ಲಿ ಜಾಗ ಬಿಟ್ಟುಕೊಂಡಿರಿ. ಬಿಲ್ಲಿನಲ್ಲಿ ಫಿಕ್ಸೆಡ್ ಚಾರ್ಜ್ ಅಂತ ಇರುತ್ತದಲ್ಲ, ಅದು ಸೋಲಾರ್ ಬಂದ ಮೇಲೂ ಬರುತ್ತದೆ. 'ಬಿಲ್ ಝೀರೋ' ಅನ್ನುವವನ ಮಾತಿಗೆ ಅಷ್ಟು ಕಳೆದು ಕೇಳಿಸಿಕೊಳ್ಳಿ.

ಇನ್ನೊಂದು, ನಿಮ್ಮ ಕಟ್ಟಡದಲ್ಲಿ ಮೀಟರ್ ಎಷ್ಟಿವೆ? ಬಿಲ್ಲಿನ ಪ್ರತಿಗಳಲ್ಲಿ ನನಗೆ ಎರಡು ಆರ್.ಆರ್. ನಂಬರ್ ಕಂಡವು. ಒಂದು ಗಿರಣಿಯದು, ತ್ರೀ ಫೇಸ್; ಇನ್ನೊಂದು ಮೇಲಿನ ಸಭಾಂಗಣದ್ದಿರಬೇಕು. ಸೋಲಾರ್ ಜೋಡಿಸುವುದು ಒಂದು ಮೀಟರಿಗೆ. ಗಿರಣಿಯ ಮೀಟರಿಗೇ ಜೋಡಿಸಿ, ಹಗಲು ಖರ್ಚು ಅಲ್ಲಿದೆ. ಆ ಮೀಟರು ಯಾರ ಹೆಸರಿನಲ್ಲಿದೆ ಎಂದೂ ನೋಡಿ. ಎಷ್ಟೋ ಸಂಘಗಳ ಮೀಟರು ಹತ್ತು ವರ್ಷದ ಹಿಂದಿನ ಅಧ್ಯಕ್ಷೆಯ ಹೆಸರಿನಲ್ಲೇ ಕೂತಿರುತ್ತದೆ. ಹೆಸರು ಬದಲಾಯಿಸುವುದು, ಕಟ್ಟಡದ ಕಾಗದ ಹೊಂದಿಸುವುದು, ಜಾಗ ಪಂಚಾಯಿತಿಯದಾಗಿದ್ದರೆ ಅವರ ಠರಾವು ತರುವುದು ಎಲ್ಲ ಇನ್‌ಸ್ಟಾಲರ್ ಬರುವ ಮೊದಲೇ ಮುಗಿಯಲಿ. ನಿಮ್ಮ ಮಂಜೂರಾದ ಲೋಡಿಗೆ, ಊರಿನ ಟ್ರಾನ್ಸ್‌ಫಾರ್ಮರಿಗೆ ಎಷ್ಟು ಕಿಲೋವ್ಯಾಟ್ ಹೊಂದುತ್ತದೆ ಎಂದು ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ನೀವೇ ಕೇಳಿ. ಇನ್‌ಸ್ಟಾಲರ್ ಬಾಯಿಂದ ಕೇಳಬೇಡಿ.

ಕರೆಂಟ್ ಹೋದಾಗ ಗಿರಣಿ ನಡೆಯುವ ಮಾತು. ನಡೆಯುವುದಿಲ್ಲ. ಮೂರು ಕೊಟೇಶನ್ನಿನಲ್ಲೂ ಇರುವುದು ಗ್ರಿಡ್‌ಗೆ, ಅಂದರೆ ಹೆಸ್ಕಾಂ ಲೈನಿಗೆ, ಜೋಡಿಸುವ ಇನ್ವರ್ಟರ್. ಲೈನ್ ಹೋದ ಕ್ಷಣ ಅದು ತಾನಾಗಿ ನಿಲ್ಲುತ್ತದೆ, ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬದ ಮೇಲೆ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯ ಕರೆಂಟು ಹೊಡೆಯುತ್ತದೆ. ಸುಡು ಬಿಸಿಲಿದ್ದರೂ ಪ್ಯಾನಲ್ ಸುಮ್ಮನಿರುತ್ತದೆ, ಇದನ್ನು ನೋಡಿ ಜನ 'ಸೋಲಾರ್ ಕೆಟ್ಟೈತಿ' ಅಂತ ನನಗೆ ಫೋನ್ ಮಾಡುತ್ತಾರೆ. ಬ್ಯಾಟರಿ ಇರುವ ಹೈಬ್ರಿಡ್ ವ್ಯವಸ್ಥೆಯಲ್ಲಿ ದೀಪ, ಫ್ಯಾನು, ಪ್ಯಾಕಿಂಗ್ ಮಷಿನ್ ನಡೆಸಬಹುದು. ಆದರೆ ಐದು-ಏಳೂವರೆ ಎಚ್‌ಪಿ ಮೋಟರು ಶುರುವಾಗುವಾಗ ತನ್ನ ಮಾಮೂಲಿ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಅದನ್ನು ತಡೆದುಕೊಳ್ಳುವ ಬ್ಯಾಟರಿ-ಇನ್ವರ್ಟರ್ ಬೆಲೆ ಕೇಳಿದರೆ ಒಕ್ಕೂಟದ ಸಭೆ ಅಲ್ಲಿಗೇ ಮುಗಿಯುತ್ತದೆ. ನನ್ನ ಸಲಹೆ: ಗಿರಣಿಯ ಆಸೆ ಬಿಡಿ. ಈ ಪ್ರಶ್ನೆಯನ್ನು ಮಾತ್ರ ಪ್ರತಿ ಇನ್‌ಸ್ಟಾಲರ್‌ಗೂ ಕೇಳಿ: 'ಲೈನ್ ಹೋದ್ರ ಇದು ನಡೀತೈತೇನ್ರೀ?' 'ಹೂಂ ನಡೀತೈತ್ರೀ ಅಕ್ಕಾರ' ಅಂದವನನ್ನು ಚಹಾ ಕುಡಿಸಿ ಕಳಿಸಿ.

ಈಗ ನಿಮ್ಮ ಕಡೆಯ ಕೆಲಸ. ಒಂದು ಹಾಳೆಯಲ್ಲಿ ಒಕ್ಕೂಟದ ಬೇಡಿಕೆ ಬರೆದು, ಮೂವರಿಗೂ, ಸಾಧ್ಯವಾದರೆ ಇನ್ನಿಬ್ಬರಿಗೂ, ಅದೇ ಹಾಳೆ ಕೊಟ್ಟು ಹೊಸ ಕೊಟೇಶನ್ ತರಿಸಿ. 6 ಕಿಲೋವ್ಯಾಟಿಗೆ ಕಡಿಮೆಯಿಲ್ಲದಷ್ಟು ಪ್ಯಾನಲ್, ಗಿರಣಿ ಮೀಟರಿಗೆ ಜೋಡಣೆ, ತ್ರೀ ಫೇಸ್ ಇನ್ವರ್ಟರ್, ಹೆಸ್ಕಾಂ ಅರ್ಜಿಯಿಂದ ನೆಟ್ ಮೀಟರ್ (ತಗೊಂಡ, ಕೊಟ್ಟ ಕರೆಂಟು ಎರಡನ್ನೂ ಅಳೆಯುವ ಮೀಟರು) ಕೂರಿಸುವವರೆಗೆ ಎಲ್ಲ ಓಡಾಟ ಮತ್ತು ಶುಲ್ಕ, ಐದು ವರ್ಷ ನಿರ್ವಹಣೆ, ಜಿಎಸ್‌ಟಿ ಸೇರಿ ಒಂದೇ ಮೊತ್ತ. ಪ್ಯಾನಲ್ಲಿನ ಕಂಪನಿ, ಮಾಡೆಲ್ ನಂಬರ್ ಎರಡೂ ಬರೆಯಲೇಬೇಕು. 'ಪ್ರತಿಷ್ಠಿತ ಕಂಪನಿ ಅಥವಾ ತತ್ಸಮಾನ' ಅಂದರೆ ಆ ಹೊತ್ತಿಗೆ ಗೋಡೌನಿನಲ್ಲಿ ಏನಿದೆಯೋ ಅದು. ಆ ಮಾಡೆಲ್ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಎಎಲ್‌ಎಂಎಂ ಪಟ್ಟಿಯಲ್ಲಿ, ಅಂದರೆ ಒಪ್ಪಿಗೆ ಪಡೆದ ಮಾಡೆಲ್‌ಗಳ ಪಟ್ಟಿಯಲ್ಲಿ, ಇದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು. ಪ್ಯಾನಲ್ ಬ್ರ್ಯಾಂಡಿನ ಬಗ್ಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪಟ್ಟಿಯಲ್ಲಿರುವ ಒಳ್ಳೆಯ ಪ್ಯಾನಲ್‌ಗಳ ನಡುವೆ ವ್ಯತ್ಯಾಸ ಕಡಿಮೆ. ವ್ಯತ್ಯಾಸ ಇರುವುದು ಕೂರಿಸುವ ಕೈಯಲ್ಲಿ.

ಹಾಳೆಯಲ್ಲಿ ಸ್ಟ್ರಕ್ಚರ್ ವಿಷಯ ಒತ್ತಿ ಬರೆಯಿರಿ, ನಿಮ್ಮ ಮಟ್ಟಿಗೆ ಅದೇ ದೊಡ್ಡದು. ಹಪ್ಪಳ-ಸಂಡಿಗೆ ಒಣಗಬೇಕೆಂದರೆ ಮೊಣಕಾಲೆತ್ತರದ ಸ್ಟ್ರಕ್ಚರ್ ಹಾಕಿ ಮಾಳಿಗೆ ತುಂಬ ಪ್ಯಾನಲ್ ಹಾಸಿಬಿಟ್ಟರೆ ಕೆಲಸ ಕೆಟ್ಟಂತೆ. 11 ಪ್ಯಾನಲ್ ಅಂದರೆ ಬರಿ ಗಾಜೇ ಮುನ್ನೂರು ಚದರ ಅಡಿ. ಸಾಲುಗಳ ನಡುವಿನ ಜಾಗ ಸೇರಿ ಅದರ ದುಪ್ಪಟ್ಟು ಬೇಕಾಗುತ್ತದೆ. ಎಂಟು-ಒಂಬತ್ತು ಅಡಿ ಎತ್ತರಕ್ಕೆ ಎತ್ತಿ ಒಂದೇ ಚಪ್ಪರದ ಹಾಗೆ ಮಾಡಿಸಿದರೆ ಕೆಳಗೆ ನೆರಳಿನಲ್ಲಿ ಪ್ಯಾಕಿಂಗ್ ಕೆಲಸವೂ ನಡೆಯುತ್ತದೆ, ಬಿಸಿಲು ಬೇಕಾದ ಹಪ್ಪಳಕ್ಕೆ ಉಳಿದ ಮಾಳಿಗೆ ಇರುತ್ತದೆ. ಆದರೆ ಎತ್ತರಿಸಿದಷ್ಟೂ ಗಾಳಿ ಹಿಡಿಯುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಗದಗ ಜಿಲ್ಲೆಯ ಗಾಳಿ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ಏಪ್ರಿಲ್-ಮೇ ಅಡ್ಡಮಳೆಯ ಬಿರುಗಾಳಿ ಪ್ಯಾನಲನ್ನು ಮೇಲಿನಿಂದ ಒತ್ತುವುದಕ್ಕಿಂತ ಕೆಳಗೆ ಹೊಕ್ಕು ಎತ್ತುವುದೇ ಅಪಾಯ. ಐಎಸ್ 875ರ ಮೂರನೇ ಭಾಗದ ಪ್ರಕಾರ ಗಾಳಿಯ ಲೆಕ್ಕ ಹಾಕಿ ಎಂಜಿನಿಯರ್ ಸಹಿ ಮಾಡಿದ ನಕ್ಷೆ ಕೊಡಬೇಕು ಎಂದು ಬರೆಯಿರಿ. ಕೆಲವರು ಇದಕ್ಕೇ ಓಡಿಹೋಗುತ್ತಾರೆ, ಹೋಗಲಿ.

ಸ್ಟ್ರಕ್ಚರ್ ಕಾಲುಗಳನ್ನು ಸ್ಲ್ಯಾಬಿಗೆ ರಂಧ್ರ ಕೊರೆದು ಬೋಲ್ಟ್ ಹಾಕುತ್ತಾರೋ, ಮೇಲೆ ಕಾಂಕ್ರೀಟ್ ಪೀಠ ಕಟ್ಟುತ್ತಾರೋ ಎಂದೂ ಕೇಳಿ. ನಿಮ್ಮ ಮಾಳಿಗೆ ಈಗಲೇ ಎಲ್ಲಾದರೂ ಸೋರುತ್ತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ಪ್ಯಾನಲ್ ಬಿಚ್ಚಿ ಸೋರಿಕೆ ಹುಡುಕಿ ಮತ್ತೆ ಕೂರಿಸುವ ಖರ್ಚು ಯಾವ ಕೊಟೇಶನ್ನಿನಲ್ಲೂ ಇರುವುದಿಲ್ಲ.

ಈಗ ಮುಖ್ಯ ಕೆಲಸಕ್ಕೆ ಬರೋಣ. ಹೊಸ ಕೊಟೇಶನ್ ಬಂದ ಮೇಲೆ ಪ್ರತಿಯೊಬ್ಬನಿಗೂ ಒಂದೇ ಮಾತು ಹೇಳಿ: 'ನೀವು ಮೂರು ವರ್ಷದ ಹಿಂದ ಹಾಕಿದ ಮಾಳಿಗಿ ಎರಡು ತೋರಸ್ರಿ.' ಹೋದ ತಿಂಗಳು ಹಾಕಿದ್ದನ್ನು ತೋರಿಸಲು ಎಲ್ಲರೂ ತಯಾರಿರುತ್ತಾರೆ, ಹೊಸ ಪ್ಯಾನಲ್ ಎಲ್ಲರದ್ದೂ ಹೊಳೆಯುತ್ತದೆ. ಮೂರು ಮಳೆಗಾಲ ಕಂಡ ಮಾಳಿಗೆ ಸುಳ್ಳು ಹೇಳುವುದಿಲ್ಲ. ನಿಮ್ಮಲ್ಲಿ ಮೂವರು ಹೋಗಿ, ಒಬ್ಬರಾದರೂ ಏಣಿ ಹತ್ತುವವರಿರಲಿ. ಇನ್‌ಸ್ಟಾಲರನ್ನು ಕರೆದುಕೊಂಡು ಹೋಗಬೇಡಿ.

ಹಾವೇರಿ ಜಿಲ್ಲೆಯ ಒಂದು ಸಮುದಾಯ ಭವನದ ಮಾಳಿಗೆ ಹತ್ತಿದ್ದು ನೆನಪಿದೆ. ಕೆಳಗಿನಿಂದ ನೋಡಿದರೆ ಎಲ್ಲ ಚೊಕ್ಕ. ಹತ್ತಿ ನೋಡಿದರೆ ಪ್ಯಾನಲ್ ಹಿಂದಿನ ಕೇಬಲ್ಲುಗಳು ಜೋತುಬಿದ್ದು ಸ್ಲ್ಯಾಬಿಗೆ ತಾಗಿದ್ದವು. ಕಟ್ಟಿದ್ದ ಪ್ಲಾಸ್ಟಿಕ್ ಟೈಗಳು ಬಿಸಿಲಿಗೆ ಒಣಗಿ ಮುರಿದು, ತುಂಡುಗಳು ಅಲ್ಲೇ ಬಿದ್ದಿದ್ದವು, ಬೆರಳಿನಿಂದ ಒತ್ತಿದರೆ ಸಂಡಿಗೆಯ ಹಾಗೆ ಮುರಿಯುತ್ತಿದ್ದವು. ಒಂದು ಕಡೆ ಕೇಬಲ್ಲಿನ ಮೇಲ್ಪದರಿನಲ್ಲಿ ಹಲ್ಲಿನ ಗುರುತು, ಇಲಿಯೋ ಅಳಿಲೋ ಮಂಗ್ಯಾನೋ. ಸ್ಟ್ರಕ್ಚರ್ ಪೈಪನ್ನು ಮಾಳಿಗೆ ಮೇಲೇ ಕೊಯ್ದಿದ್ದರು. ಕೊಯ್ದ ತುದಿಗಳಿಂದ ಕಂದು ನೀರು ಇಳಿದು ಸುಣ್ಣದ ಗೋಡೆ ಮೇಲೆ ಗೆರೆ ಮೂಡಿತ್ತು. ಸತುವಿನಲ್ಲಿ ಅದ್ದಿದ ಹಾಟ್ ಡಿಪ್ ಪೈಪೇ ಆಗಿದ್ದರೂ ಕೊಯ್ದ ಬಾಯಿಗೆ ಸತುವಿರುವುದಿಲ್ಲ. ಬುದ್ಧಿವಂತ ಇನ್‌ಸ್ಟಾಲರ್ ವರ್ಕ್‌ಶಾಪಿನಲ್ಲಿ ಅಳತೆಗೆ ಕೊಯ್ದು ಆಮೇಲೆ ಅದ್ದಿಸುತ್ತಾನೆ. ಅನಿವಾರ್ಯವಾಗಿ ಮೇಲೆ ಕೊಯ್ದರೆ ಸತುವಿನ ಪೇಂಟ್ ಹಚ್ಚುತ್ತಾನೆ. ಕೆಳಗಿಳಿದು ಅರ್ಥಿಂಗ್ ಗುಂಡಿ ಎಲ್ಲಿ ಅಂತ ಕೇಳಿದೆ. ಗೋವಿನಜೋಳದ ಚೀಲಗಳ ಹಿಂದೆ ಮುಚ್ಚಳ ಸಿಕ್ಕಿತು. ಎತ್ತಿ ತಂತಿ ಹಿಡಿದು ಮೆಲ್ಲಗೆ ತಿರುವಿದೆ, ಕೈಗೇ ಬಂತು. ಮೂರು ವರ್ಷ ಆ ಭವನದ ಸಿಡಿಲುರಕ್ಷಕ ಯಾವುದಕ್ಕೂ ಜೋಡಣೆಯಿಲ್ಲದೆ ಸುಮ್ಮನೆ ನಿಂತಿತ್ತು. ಆ ಇನ್‌ಸ್ಟಾಲರ್ ಕಡೆ 'ಮುನ್ನೂರು ಕಡೆ ಹಾಕೇನ್ರೀ' ಅನ್ನುವ ಲೆಕ್ಕ ಇತ್ತು.

ಇನ್ನೊಂದು ಮಾಳಿಗೆ ನವಲಗುಂದ ಕಡೆ. ಅದರ ಇನ್‌ಸ್ಟಾಲರ್ ಹೆಸರು ದೊಡ್ಡದಲ್ಲ, ಆಫೀಸು ಒಂದು ಸಣ್ಣ ಎಲೆಕ್ಟ್ರಿಕ್ ಅಂಗಡಿ. ಇನ್ವರ್ಟರ್ ಪಕ್ಕದ ಡಬ್ಬಿಯ ಬಾಗಿಲು ತೆಗೆದಾಗ ಒಳಗೆ ಗೆರೆ ಹಾಕಿದ ಹಾಳೆ ಅಂಟಿಸಿತ್ತು. ತಾರೀಖು, ಯೂನಿಟ್, ಒಂದು ಸಹಿ, ನೀಲಿ ಪೆನ್ನಿನಲ್ಲಿ, ಮೂರು ತಿಂಗಳಿಗೊಂದು ಸಾಲು. 'ಯಾರ ಬರದದ್ದು?' ಅಂದೆ. 'ಅವರ ಹುಡುಗ ಬರ್ತಾನ್ರೀ, ಬಂದಾಗೊಮ್ಮಿ ಬರದು ಹೋಗ್ತಾನ' ಅಂದರು ಮನೆಯವರು. ಬ್ರೋಷರಿನಲ್ಲಿರುವ ಪ್ರಶಸ್ತಿಗಳಿಗಿಂತ ನನಗೆ ಆ ಹಾಳೆ ದೊಡ್ಡದು.

ನೀವು ಹೋದಾಗ ಆ ಮಾಳಿಗೆಯ ಯಜಮಾನರಿಗೆ ಕೇಳಬೇಕಾದದ್ದು ಹೆಚ್ಚಿಲ್ಲ. ಏನಾದರೂ ಕೆಟ್ಟಿತ್ತೇ, ಫೋನ್ ಮಾಡಿದ ಮೇಲೆ ಎಷ್ಟು ದಿನಕ್ಕೆ ಬಂದ, ಬಂದವನು ರೊಕ್ಕ ಕೇಳಿದನೇ. 'ಏನೂ ಕೆಟ್ಟಿಲ್ಲ' ಅಂದರೆ ಬಿಲ್ಲು ತೋರಿಸಿ ಅನ್ನಿ. ಒಂದು ಸ್ಟ್ರಿಂಗ್ (ಒಂದಕ್ಕೊಂದು ಜೋಡಿಸಿದ ಪ್ಯಾನಲ್ ಸಾಲು) ಸತ್ತಿದ್ದರೂ ಯಾರಿಗೂ ಗೊತ್ತಿರದ ಮಾಳಿಗೆಗಳು ಬೇಕಾದಷ್ಟಿವೆ. ಇಂತಿಷ್ಟು ಕಿಲೋವ್ಯಾಟಿಗೆ ತಿಂಗಳಿಗೆ ಎಷ್ಟು ಯೂನಿಟ್ ಬರುತ್ತಿದೆ ಎಂದು ಮೇಲಿನ ಲೆಕ್ಕದಿಂದ ನೀವೇ ತಾಳೆ ನೋಡಬಹುದು.

ನಿಮ್ಮ ಮಾಳಿಗೆಗೆ ಇನ್‌ಸ್ಟಾಲರ್ ಬಂದಾಗಲೂ ಅವನನ್ನು ಗಮನಿಸಿ. ದಕ್ಷಿಣಕ್ಕೆ ಮುಖ, ಸುಮಾರು 15 ಡಿಗ್ರಿ ಓರೆ, ಇಷ್ಟು ಎಲ್ಲರೂ ಹೇಳುತ್ತಾರೆ. ಮಾಳಿಗೆಯ ಉತ್ತರಕ್ಕೆ ನೀರಿನ ಟ್ಯಾಂಕ್ ಇದ್ದರೆ ಅದನ್ನು ಅವನು ನೋಡಿದನೇ? ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ, ಬೆಳಿಗ್ಗೆ-ಸಂಜೆಯಂತೂ ಇನ್ನೂ ಉತ್ತರಕ್ಕೆ ವಾಲುತ್ತಾನೆ. ಆಗ ಉತ್ತರದ ಟ್ಯಾಂಕಿನ ನೆರಳೂ ಪ್ಯಾನಲ್ ಮೇಲೆ ಬೀಳುತ್ತದೆ. ಒಂದು ಪ್ಯಾನಲ್ಲಿನ ಮೂಲೆಗೆ ಬಿದ್ದ ನೆರಳು ಆ ಸಾಲಿನ ಉತ್ಪಾದನೆಯನ್ನೇ ಕೆಳಗೆಳೆಯಬಲ್ಲದು. ಮಾಳಿಗೆ ಹತ್ತದೆ, ಕೆಳಗೆ ಕುರ್ಚಿಯಲ್ಲೇ ಕೂತು ಕೊಟೇಶನ್ ಬರೆದವನು ಇದನ್ನು ನೋಡಿರಲು ಸಾಧ್ಯವೇ ಇಲ್ಲ.

ಕಾಗದಪತ್ರ ಬೇಗ ಮುಗಿಸುತ್ತೇನೆ. ವಿದ್ಯುತ್ ಗುತ್ತಿಗೆದಾರ ಪರವಾನಗಿ ಅವನ ಹೆಸರಿನಲ್ಲಿದೆಯೇ, ಊರ್ಜಿತವಿದೆಯೇ, ಜಿಎಸ್‌ಟಿ ನಂಬರ್ ಇದೆಯೇ ನೋಡಿ. ಇಲ್ಲಿ ಹೆಚ್ಚು ಜನ ಎಡವುವುದಿಲ್ಲ. ಎಡವುವುದು ವಾರಂಟಿಯಲ್ಲಿ. '25 ವರ್ಷ ವಾರಂಟಿ' ಅನ್ನುವುದು ಪ್ಯಾನಲ್ಲಿನ ಉತ್ಪಾದನೆಯ ಬಗ್ಗೆ ತಯಾರಕ ಕಂಪನಿ ಕೊಡುವ ಮಾತು. ಇನ್ವರ್ಟರಿನದು ಬೇರೆ, ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ, ಮತ್ತು ಮೊದಲು ಕೆಡುವುದು ಅದೇ. ಕೂರಿಸಿದ ಕೆಲಸದ ಹೊಣೆ ಇನ್‌ಸ್ಟಾಲರನದು, ಅದನ್ನು ಬರೆಸಿಕೊಳ್ಳದಿದ್ದರೆ ಇಲ್ಲವೇ ಇಲ್ಲ.

ಇದರಲ್ಲಿ ನಾನೇ ಪೆಟ್ಟು ತಿಂದವನು. ಧಾರವಾಡದ ಒಂದು ಹಾಸ್ಟೆಲ್ ಸಮಿತಿಗೆ ಸಲಹೆಗಾರನಾಗಿದ್ದಾಗ, ಕಡಿಮೆ ದರದವನಿಗೇ ಕೊಡೋಣ ಅಂತ ತಲೆಯಾಡಿಸಿದ್ದು ನಾನೇ. ಎರಡು ವರ್ಷಕ್ಕೆ ಅವನ ಅಂಗಡಿಗೆ ಬೀಗ ಬಿತ್ತು. ಮುಂದಿನ ಮಳೆಗಾಲದಲ್ಲಿ ಇನ್ವರ್ಟರ್ ಸತ್ತಿತು. ವಾರಂಟಿ ಇತ್ತು. ಆದರೆ ಕಂಪನಿಯ ದಾಖಲೆಯಲ್ಲಿ ಗಿರಾಕಿ ಅಂತ ಇದ್ದದ್ದು ಇನ್‌ಸ್ಟಾಲರನ ಫೋನ್ ನಂಬರ್, ಮೊಬೈಲ್ ಆ್ಯಪಿನ ಪಾಸ್‌ವರ್ಡ್ ಅವನ ಬಳಿ, ಮೂಲ ಬಿಲ್ಲು ಹಳೆಯ ಕಾರ್ಯದರ್ಶಿಯ ಮನೆಯ ಯಾವುದೋ ಟ್ರಂಕಿನಲ್ಲಿ. ಬಿಲ್ಲು ಹುಡುಕಿ, ಪತ್ರ ಬರೆದು, ಹೊಸ ಇನ್ವರ್ಟರ್ ಬರುವ ಹೊತ್ತಿಗೆ ಮಳೆಗಾಲ ಮುಗಿದು ಹಿಂಗಾರಿ ಬಿತ್ತನೆ ನಡೆದಿತ್ತು. ಅಂದಿನಿಂದ ನಾನು ಸಂಘಗಳಿಗೆ ಹೇಳುವುದು: ವಾರಂಟಿ ನೋಂದಣಿ, ಆ್ಯಪ್ ಎರಡೂ ಸಂಘದ ಸ್ವಂತ ಫೋನ್ ನಂಬರಿನಲ್ಲಿ, ನಿಮ್ಮೆದುರೇ ಆಗಬೇಕು. ಪ್ಯಾನಲ್ ಒಂದೊಂದರ ಗಾಜಿನ ಒಳಗೆ ಸೀರಿಯಲ್ ನಂಬರ್ ಕಾಣುತ್ತದೆ. ಮೇಲೆ ಹತ್ತಿಸುವ ಮೊದಲು ನಿಮ್ಮ ಹುಡುಗಿಯರು ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು ಬಿಲ್ಲಿನ ನಂಬರಿಗೆ ತಾಳೆ ಹಾಕಲಿ, ಅರ್ಧ ತಾಸಿನ ಕೆಲಸ. ಫೈಲಿನ ಒಂದು ಪ್ರತಿ ಒಕ್ಕೂಟದ ಕಪಾಟಿನಲ್ಲಿರಲಿ, ಪದಾಧಿಕಾರಿಗಳ ಮನೆಯಲ್ಲಿ ಬೇಡ. 1905ರಲ್ಲೇ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿ ಲೆಕ್ಕ ಇಟ್ಟ ಜಿಲ್ಲೆ ನಿಮ್ಮದು, ಫೈಲು ಇಡುವುದನ್ನು ಧಾರವಾಡದವನು ನಿಮಗೆ ಕಲಿಸುವುದು ಹಾಸ್ಯವೇ ಸರಿ.

ರೊಕ್ಕ ಕೊಡುವ ಕ್ರಮ: ಆರ್ಡರಿಗೆ ಶೇ 20, ಸಾಮಾನು ಬಂದು ನಂಬರ್ ತಾಳೆಯಾದ ಮೇಲೆ 50, ನೆಟ್ ಮೀಟರ್ ಕೂತು ಚಾಲೂ ಆದ ದಿನ 20, ಉಳಿದ 10 ಒಂದು ಮಳೆಗಾಲ ದಾಟಿದ ಮೇಲೆ. ಬಾಂಡ್ ಪೇಪರಿನ ಮೇಲೆ ಬರೆಸಿ. ಕೊನೆಯ ಹತ್ತಕ್ಕೆ ಇನ್‌ಸ್ಟಾಲರ್ ಗೊಣಗುತ್ತಾನೆ. ಸಣ್ಣವರ ಕೈ ಬಿಗಿಯಿರುತ್ತದೆ, ಅದೂ ನಿಜ. ಐದಕ್ಕೆ ಇಳಿಸಿ, ಸೊನ್ನೆಗೆ ಮಾತ್ರ ಬೇಡ. 'ಇವತ್ತ ಪೂರಾ ಕೊಟ್ರ ಇಪ್ಪತ್ತು ಸಾವಿರ ಬಿಡ್ತೀನಿ' ಅಂದರೆ ಅವನಿಗೆ ಬೇರೆಲ್ಲೋ ಸಾಲ ತೀರಿಸುವುದಿದೆ ಅಂತ ತಿಳಿಯಿರಿ.

ಖಜಾಂಚಿಯವರ ಅಕ್ಕನ ಮಗನ ವಿಷಯ ನೀವು ಸಂಕೋಚದಿಂದ ಬರೆದಿದ್ದೀರಿ. ಸಂಕೋಚ ಬೇಡ. ಸಂಬಂಧಿ ಅಂತ ಬಿಡಬೇಡಿ, ಸಂಬಂಧಿ ಅಂತ ಕೊಡಲೂ ಬೇಡಿ. ಹತ್ತಿರದ ಹುಡುಗ, ಕರೆದರೆ ಬರುತ್ತಾನೆ ಅನ್ನುವ ಲಾಭ ಇದ್ದದ್ದೇ. ಆದರೆ ಅವನು ಬಾರದೇ ಹೋದ ದಿನ, ಜೋರು ಮಾಡಿ ಕೇಳಲು ನಿಮಗೆ ಬಾಯಿ ಬರುತ್ತದೆಯೇ ಎಂಬುದೇ ನಿಜವಾದ ತೊಡಕು. ಅವನಿಗೂ ಅದೇ ಹಾಳೆ ಕೊಡಿ. ಅವನು ಹಾಕಿದ ಹಳೆಯ ಮಾಳಿಗೆಗಳನ್ನೂ ನೋಡಿ. ಕೊಟೇಶನ್ ಲಕೋಟೆಗಳನ್ನು ಸಭೆಯಲ್ಲೇ ಒಡೆಯಿರಿ, ಆ ಹೊತ್ತು ಖಜಾಂಚಿ ಅಕ್ಕಾರು ಹೊರಗೆ ಕೂತು ಚಹಾ ಕುಡಿಯಲಿ, ಹಾಗೆ ಕೂತರು ಅಂತ ಠರಾವು ಪುಸ್ತಕದಲ್ಲಿ ಬರೆಯಿರಿ. ನಾಳೆ ಯಾರಾದರೂ ಕೊಂಕು ಮಾತಾಡಿದರೆ ಆ ಒಂದು ಸಾಲು ಅವರನ್ನೂ ಕಾಯುತ್ತದೆ, ಹುಡುಗನನ್ನೂ.

ಮಾಳಿಗೆಗಳನ್ನು ನೋಡಿ ಬಂದ ಮೇಲೆ ಇಬ್ಬರು ಸಮ ಅನಿಸಿದರೆ, ನಿಮ್ಮ ಊರಿಗೆ ಹತ್ತಿರ ಇರುವವನಿಗೆ ಕೊಡಿ. ವ್ಯಾಟಿಗೆ ಎರಡು-ಮೂರು ರೂಪಾಯಿ ಹೆಚ್ಚಾದರೂ ಸೈ. 6 ಕಿಲೋವ್ಯಾಟಿಗೆ ಅದು ಹದಿನೈದು ಸಾವಿರದ ಮಾತು, ದೂರದವನು ನಾಲ್ಕು ಸಲ ಬಾರದೇ ಹೋದರೆ ಹೋಗುವಷ್ಟೇ.

ನೀವು ಕೇಳದೇ ಇದ್ದ ಒಂದು ಮಾತು ಉಳಿಯಿತು. ನಿಮ್ಮದು ಗಿರಣಿ ಇರುವ ಕಟ್ಟಡ. ಹಿಟ್ಟಿನ ಧೂಳು ಹೊರಹೋಗುವ ಕೊಳವೆ ಮಾಳಿಗೆಯ ಯಾವ ಬದಿಗಿದೆ ನೋಡಿ. ಹಿಟ್ಟು ಹಾರಿ ಪ್ಯಾನಲ್ ಮೇಲೆ ಕೂತು, ಬೆಳಗಿನ ಇಬ್ಬನಿಗೆ ಕಲಸಿ, ಬಿಸಿಲಿಗೆ ಗಂಜಿಯ ಹಾಗೆ ಅಂಟಿಕೊಂಡರೆ ಬರಿ ನೀರು ಸುರಿದರೆ ಹೋಗುವುದಿಲ್ಲ. ಕೊಳವೆಯ ಬಾಯಿ ತಿರುಗಿಸಲು ಈಗ ಐನೂರು ರೂಪಾಯಿಯ ಕೆಲಸ. ತೊಳೆಯಲು ಬೋರ್ ನೀರು ಬಳಸಬೇಡಿ. ನಿಮ್ಮ ಕಡೆಯ ಗಡಸು ನೀರು ಆರಿದ ಮೇಲೆ ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತದೆ, ವರ್ಷ ಕಳೆದರೆ ಉಜ್ಜಿದರೂ ಹೋಗದು. ಮಳೆನೀರು ಹಿಡಿದಿಟ್ಟ ಡ್ರಮ್ಮಿನಿಂದ ತಗೊಳ್ಳಿ, ಗಾಜು ತಣ್ಣಗಿರುವ ಬೆಳಿಗ್ಗೆ ಹೊತ್ತು, ಮೆತ್ತನೆಯ ಬಟ್ಟೆಯಿಂದ. ಯಾರು ತೊಳೆಯುವುದು ಎಂದು ಈಗಲೇ ಪಾಳಿ ಹಚ್ಚಿ, ಹೆಸರು ಬರೆದು ಇನ್ವರ್ಟರ್ ಪಕ್ಕದಲ್ಲೇ ಅಂಟಿಸಿ. ಹೊಸ ಕೊಟೇಶನ್ ಬಂದಾಗ ಅವನ್ನೂ, ಹನ್ನೆರಡು ತಿಂಗಳ ಬಿಲ್ಲನ್ನೂ ಕಳಿಸಿ, ನೋಡಿ ಹೇಳುತ್ತೇನೆ.